ಎರಡು ಪೆನ್ಸಿನ ಹಾಡು

ಸಂಗೀತದ ಕಳವಿನ ಮಾತು ಬಂದರೆ ಕ್ಯಾಸೆಟ್ಟನ್ನೋ ಅಂತರಜಾಲವನ್ನೋ ದೂರುವುದು ನಮ್ಮ ವಾಡಿಕೆ. ಆದರೆ ಈ ವ್ಯಾಪಾರ ಬರಿಯ ಕಾಗದದ ಮೇಲೆ ಭರಾಟೆಯಿಂದ ನಡೆದ ಕಾಲವೊಂದುಂಟು. ಸ್ಥಳ ಲಂಡನ್ನಿನ ಬೀದಿಗಳು. ಕಾಲ 1900ರ ಆಸುಪಾಸು.

ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ, ಕಂತಿನ ಸಾಲದ ಪುಣ್ಯದಿಂದ, ಸಾಮಾನ್ಯರ ಮನೆಗಳಿಗೂ ಪಿಯಾನೊ ಬಂದು ಕುಳಿತಿತ್ತು. ಪಿಯಾನೊ ಬಂದಮೇಲೆ ಹಾಡು ಬೇಕಷ್ಟೆ. ಹಾಡೆಂದರೆ ಅಂದು ಅಚ್ಚಾದ ಸ್ವರಲಿಪಿಯ ಹಾಳೆ. ನಮ್ಮ ನಾಟಕ ಕಂಪನಿಗಳ ಡೇರೆಯ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನು ಕೊಂಡು ಬಲ್ಲವರಿಗೆ ಅದರ ಸೆಳೆತವನ್ನು ವಿವರಿಸಬೇಕಾಗಿಲ್ಲ. ಅಂಗಡಿಯಲ್ಲಿ ಒಂದು ಹಾಡಿಗೆ ಸುಮಾರು ಒಂದೂವರೆ ಶಿಲ್ಲಿಂಗ್, ಎಂದರೆ 18 ಪೆನ್ಸ್. ಅದೇ ಹಾಡು ಬೀದಿಯ ತಿರುಗುವ್ಯಾಪಾರಿಯ ಕೈಯಲ್ಲಿ 2 ಪೆನ್ಸ್! ಮೂಲದ ಹಾಳೆಯ ಛಾಯಾಚಿತ್ರ ತೆಗೆದು ಅಚ್ಚಿಗಿಳಿಸುವ ವಿದ್ಯೆ ಅಷ್ಟು ಅಗ್ಗವಾಗಿತ್ತು.

ಕಾನೂನು ಇರಲಿಲ್ಲವೆಂದಲ್ಲ. 1842ರ ಗ್ರಂಥಸ್ವಾಮ್ಯದ ಶಾಸನವಿತ್ತು. ಆದರೆ ದಾವೆ ಹೂಡಿ ಗೆದ್ದರೂ, ಮೈಮೇಲಿನ ಕೋಟಿನ ಹೊರತು ಬೇರೆ ಆಸ್ತಿಯಿಲ್ಲದ ಬಡಪಾಯಿಯಿಂದ ವಸೂಲು ಮಾಡುವುದೇನನ್ನು? 1902ರಲ್ಲಿ ಹೊಸ ಶಾಸನ ಬಂದು, ಬೀದಿಯಲ್ಲಿ ಕಂಡ ಕಳ್ಳಪ್ರತಿಗಳನ್ನು ಜಪ್ತಿ ಮಾಡಲು ಪೊಲೀಸರಿಗೆ ಅವಕಾಶವಾಯಿತು. ಅಚ್ಚುಮನೆಯ ಬಾಗಿಲು ತೆರೆಸುವ ಅಧಿಕಾರ ಮಾತ್ರ ದೊರೆಯಲಿಲ್ಲ. ಲಕ್ಷಗಟ್ಟಲೆ ಹಾಳೆಗಳು ಸಿಕ್ಕಿಬಿದ್ದವು. ಆದರೂ ಮಾರಾಟ ನಿಲ್ಲಲಿಲ್ಲ. 1905ರಲ್ಲಿ ಪ್ರಕಾಶಕರು ರೋಸಿಹೋಗಿ, ಇನ್ನು ಹೊಸ ಹಾಡುಗಳನ್ನೇ ಅಚ್ಚುಹಾಕುವುದಿಲ್ಲವೆಂದು ಸಾರಿದರು.

ಈ ಕಳ್ಳ ಮುದ್ರಕರಲ್ಲಿ ರಾಜನೆನಿಸಿದವನು ಜೇಮ್ಸ್ ಫ್ರೆಡರಿಕ್ ವಿಲೆಟ್ಸ್. ಇವನು ಬಾಯಿಲ್ಲದ ಕಳ್ಳನಲ್ಲ. ಬಡವನ ಮನೆಗೂ ಸಂಗೀತ ಬೇಡವೇ, 18 ಪೆನ್ಸ್ ತೆರಲಾರದವನು ಹಾಡಬಾರದೇ ಎಂಬುದು ಅವನ ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆ 2 ಪೆನ್ಸಿನಲ್ಲಿ ಹಾಡು ಕಟ್ಟಿದವನಿಗೆ ಒಂದು ಕಾಸೂ ಸಲ್ಲುತ್ತಿರಲಿಲ್ಲ. 1906ರಲ್ಲಿ ಒಳಸಂಚಿನ ಆಪಾದನೆಯ ಮೇಲೆ ಅವನಿಗೆ ಒಂಬತ್ತು ತಿಂಗಳ ಸೆರೆಯಾಯಿತು. ಅದೇ ವರ್ಷ ಟಿ. ಪಿ. ಓ'ಕಾನರ್ ಮಂಡಿಸಿದ ಮಸೂದೆ ಶಾಸನವಾಗಿ, ಕಳ್ಳ ಅಚ್ಚಿಗೆ ದಂಡವೂ ಜೈಲೂ ಗೊತ್ತಾದವು.

ಇಷ್ಟರಿಂದ ಸಂಗೀತಗಾರನ ಹೊಟ್ಟೆ ತುಂಬಿತೆ? ಹಾಡು ಕಟ್ಟಿದವರಲ್ಲಿ ಅನೇಕರು ಕೆಲವೇ ಗಿನಿಗಳಿಗೆ ಸರ್ವಹಕ್ಕನ್ನೂ ಪ್ರಕಾಶಕರಿಗೆ ಮಾರಿಬಿಟ್ಟಿದ್ದವರು. ಕಚೇರಿಯಲ್ಲಿ ಹಾಡಿದಾಗ ಕಟ್ಟಿದವನಿಗೆ ಸಲ್ಲತಕ್ಕ ಶುಲ್ಕವೆಂಬುದು ಕಾನೂನಿನಲ್ಲಿತ್ತಾದರೂ ಅದನ್ನು ಕೇಳುವವರಿರಲಿಲ್ಲ. ಇದಕ್ಕೊಂದು ಸೊಗಸಾದ ಹಿನ್ನೆಲೆಯುಂಟು. 1870ರ ದಶಕದಲ್ಲಿ ಥಾಮಸ್ ವಾಲ್ ಎಂಬಾತ ಹಳೆಯ ಹಾಡುಗಳ ಹಕ್ಕುಗಳನ್ನು ಕೈವಶಮಾಡಿಕೊಂಡು, ಊರ ಧರ್ಮಕಾರ್ಯಗಳಲ್ಲಿ ಪಾಪ, ಹವ್ಯಾಸಕ್ಕೆ ಹಾಡಿದವರಿಗೂ 40 ಶಿಲ್ಲಿಂಗ್ ದಂಡ ತೆರುವಂತೆ ಬೆದರಿಕೆಯ ಕಾಗದ ಬರೆಯತೊಡಗಿದ. ಜನ ರೇಗಿದರು, 1882ರಲ್ಲಿ ಅವನನ್ನು ಕಟ್ಟಿಹಾಕಲೆಂದೇ ಶಾಸನ ಬಂತು. ಅಂದಿನಿಂದ ಪ್ರಕಾಶಕರಿಗೆ ಆ ಶುಲ್ಕದ ಹೆಸರೆತ್ತಿದರೆ ಅಂಜಿಕೆ. ಯಾರು ಬೇಕಾದರೂ ಹಾಡಬಹುದೆಂದು ಹಾಳೆಯ ಮೇಲೆ ಅಚ್ಚುಹಾಕಿಸಿದರು. ಅಷ್ಟೇ ಅಲ್ಲ, ತಮ್ಮ ಹಾಡನ್ನು ಸಭೆಯಲ್ಲಿ ಹಾಡಿದ ಹೆಸರಾಂತ ಗಾಯಕರಿಗೆ, ಮಾರಾಟವಾದ ಪ್ರತಿಗೆ ಇಂತಿಷ್ಟೆಂದು ತಾವೇ ಹಣ ತೆತ್ತರು. ಎಲ್ಲರ ಕಣ್ಣೂ ಕಾಗದದ ಮೇಲೆ!

ಕಾಗದವಿಲ್ಲದ ಸಂಗೀತ ಅಷ್ಟರಲ್ಲಿ ಬಂದೇ ಬಿಟ್ಟಿತ್ತು. ಯಂತ್ರದ ಪಿಯಾನೊಗಾಗಿ ಹಾಡನ್ನು ರಂಧ್ರಗಳಾಗಿ ಕೊರೆದ ಸುರುಳಿ ಸ್ವರಲಿಪಿಯ ನಕಲಲ್ಲವೆಂದು 1900ರ ಹೊತ್ತಿಗೆ ಇಂಗ್ಲೆಂಡಿನ ನ್ಯಾಯಾಲಯ ತೀರ್ಮಾನಿಸಿತು. ಅದೇ ತರ್ಕದ ಆಸರೆಯಲ್ಲಿ ಗ್ರಾಮೋಫೋನ್ ತಟ್ಟೆಯೂ ತಪ್ಪಿಸಿಕೊಂಡಿತು. ಬೀದಿಯ ಹುಡುಗನ 2 ಪೆನ್ಸಿನ ಹಾಳೆಯನ್ನು ಪೊಲೀಸರು ಕಸಿದುಕೊಳ್ಳುತ್ತಿದ್ದ ದಿನಗಳಲ್ಲೇ ದೊಡ್ಡ ಕಂಪನಿಗಳು ಅದೇ ಹಾಡನ್ನು ಬಿಟ್ಟಿಯಾಗಿ, ನ್ಯಾಯಬದ್ಧವಾಗಿ ಮಾರುತ್ತಿದ್ದವು! 1911ರ ಶಾಸನ ಈ ಅನ್ಯಾಯವನ್ನು ಸರಿಪಡಿಸಿ, ತಟ್ಟೆಯ ಬೆಲೆಯಲ್ಲಿ ಮೊದಲು ಶೇಕಡ 2½, ಅನಂತರ 5 ಪಾಲನ್ನು ಹಾಡಿನ ಹಕ್ಕುದಾರರಿಗೆ ಗೊತ್ತುಮಾಡಿತು. ಪ್ಯಾರಿಸ್ಸಿನಲ್ಲಿ 1851ರಿಂದಲೇ ಇದ್ದಂಥ, ಕಚೇರಿಯ ಶುಲ್ಕ ಕೂಡಿಸುವ ಸಂಘ ಲಂಡನ್ನಿಗೆ ಬಂದದ್ದು 1914ರಲ್ಲಿ.

1911ರ ಶಾಸನವೇ 1914ರಲ್ಲಿ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಭಾರತಕ್ಕೂ ಅನ್ವಯವಾಯಿತು. ಹಾಡು ಕಟ್ಟಿದವನಿಗೆ ಅದರಲ್ಲಿ ಪಾಲುಂಟು. ತಟ್ಟೆಯ ಹಕ್ಕು ಕಂಪನಿಯದು. ಹಾಡಿದವರ ಹೆಸರೇ ಇಲ್ಲ. ಹಾಡುವಾಗಲೇ ಹಾಡು ಬೆಳೆಯುವ ನಮ್ಮ ಸಂಗೀತಕ್ಕೆ ಈ ಲೆಕ್ಕ ಹೇಗೆ ಹೊಂದೀತು? 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮೋಫೋನ್ ಕೊಂಬಿನ ಮುಂದೆ ಹಾಡಿ, ದೇಶದ ಮನೆಮನೆಯಲ್ಲೂ ಕೇಳಿಬಂದ ಗೌಹರ್ ಜಾನ್ ಕೊನೆಗಾಲದಲ್ಲಿ ಬದುಕಿಗೆ ನೆಚ್ಚಿದ್ದು ತಟ್ಟೆಯನ್ನಲ್ಲ, ಅರಮನೆಯನ್ನು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿದ ಆಕೆ 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹಾಡುವವರಿಗೂ ತಮ್ಮ ಗಾಯನದ ಮೇಲೆ ಹಕ್ಕುಂಟೆಂದು ನಮ್ಮ ಶಾಸನ ಒಪ್ಪಿಕೊಂಡದ್ದು 1994ರ ತಿದ್ದುಪಡಿಯಲ್ಲಿ.