ತೀರಗಾಳ: ಹಗುರ ಸಲಕರಣೆಯಲ್ಲಿ ದೊಡ್ಡ ಮೀನು

ದೋಣಿಯಿಲ್ಲದೆ, ಕಡಲತೀರದಲ್ಲೇ ನಿಂತು ಸಪೂರ ದಾರ ಹಾಗೂ ಕೃತಕ ಎರೆಯಿಂದ ದೊಡ್ಡ ಮೀನನ್ನು ದಡಕ್ಕೆ ತರುವ ವಿಧಾನ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಇದರ ಮುಖ್ಯ ಗುರಿ ಮೈಮೇಲೆ ಕಪ್ಪು ಪಟ್ಟೆಗಳಿರುವ ಸ್ಟ್ರೈಪ್ಡ್ ಬಾಸ್. ತೋಳ್ಬಲಕ್ಕಿಂತ ಇಲ್ಲಿ ರೀಲಿನ ಡ್ರ್ಯಾಗ್ ಮುಖ್ಯ: ದಾರ ತಡೆಯಬಲ್ಲ ಭಾರದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಎಳೆತಕ್ಕೇ ರೀಲು ದಾರ ಬಿಡುವಂತೆ ಅದನ್ನು ಹೊಂದಿಸುತ್ತಾರೆ. ಮೀನು ಓಡಿದಾಗ ಓಡಗೊಟ್ಟು, ನಿಂತಾಗ ಕೋಲು ಎತ್ತಿ, ಇಳಿಸುತ್ತ ದಾರ ಸುತ್ತಬೇಕು. ಅದು ಅಡ್ಡಕ್ಕೆ ಸಾಗಿದರೆ ಗಾಳಗಾರನೂ ಮರಳಿನ ಮೇಲೆ ಜೊತೆಗೆ ನಡೆಯುತ್ತಾನೆ.

ಮೀನು ಕೈತಪ್ಪುವುದು ಹೆಚ್ಚಾಗಿ ಕೊನೆಯ ಕೆಲವು ಮಾರುಗಳಲ್ಲಿ. ದಡಕ್ಕೆ ಬಡಿದ ನೀರು ಹಿಂದೆ ಸರಿಯುವಾಗ ಮೀನಿನ ತೂಕಕ್ಕೆ ಆ ನೀರಿನ ಸೆಳೆತವೂ ಸೇರುತ್ತದೆ. ಆಗ ಜಗ್ಗಿದರೆ ದಾರ ಕಡಿಯುತ್ತದೆ, ಇಲ್ಲವೇ ಕೊಕ್ಕೆ ನೆಟ್ಟಗಾಗುತ್ತದೆ. ಸೆಳೆತಕ್ಕೆ ದಾರ ಬಿಟ್ಟುಕೊಟ್ಟು, ಮುಂದಿನ ಅಲೆ ಮೀನನ್ನು ಎತ್ತಿದಾಗ ಹಿಂದಕ್ಕೆ ನಡೆಯುತ್ತ ಮರಳಿಗೇರಿಸುವುದೇ ಜಾಣತನ. ಮೀನನ್ನು ಮರಳಿ ಬಿಡುವುದಾದರೆ ಒದ್ದೆ ಕೈಯಿಂದ ಹಿಡಿಯಬೇಕು, ಕಿವಿರಿಗೆ ಬೆರಳು ಹಾಕಬಾರದು. ಅತಿ ಸಪೂರ ದಾರದಲ್ಲಿ ಬಹಳ ಹೊತ್ತು ಆಡಿಸಿ ದಣಿಸಿದ ಮೀನು ಬಿಟ್ಟರೂ ಬದುಕುವುದು ಅನುಮಾನ. ಹಗುರ ಸಲಕರಣೆಯ ಹೆಮ್ಮೆಗೆ ಮಿತಿ ಬೇಕಾದದ್ದು ಇಲ್ಲಿಯೇ.

ಹಗುರ ಸಲಕರಣೆಯ ಸಾಧ್ಯತೆಗೆ ಒಂದು ನಿದರ್ಶನ: 1982ರಲ್ಲಿ ಗಾಳಗಾರ ಆಲ್ ಮೆಕ್‌ರೆನಾಲ್ಡ್ಸ್ ಅದೇ ಕರಾವಳಿಯ ಅಟ್ಲಾಂಟಿಕ್ ಸಿಟಿಯ ಕಲ್ಲುಗಟ್ಟೆಯೊಂದರಿಂದ 20 ಪೌಂಡ್ ಭಾರ ತಡೆಯಬಲ್ಲ ದಾರದಲ್ಲಿ ಹಿಡಿದ ಸುಮಾರು 35.6 ಕಿಲೋ ತೂಕದ ಸ್ಟ್ರೈಪ್ಡ್ ಬಾಸ್ 2011ರವರೆಗೆ ಆ ಜಾತಿಯ ವಿಶ್ವದಾಖಲೆಯಾಗಿತ್ತು.