ಓಬವ್ವ ಎಲ್ಲಿ ನಿಂತಿದ್ದಳು?



ಬನಶಂಕರಿ ಕಡೆ ನಮ್ಮ ಹುಡುಗ ಹುಡುಗಿಯರು ಭಾನುವಾರ ಬೆಳಿಗ್ಗೆ ಆತ್ಮರಕ್ಷಣೆ ಅಭ್ಯಾಸ ಶುರು ಮಾಡಿದ್ದಾರೆ ಅಂತ ಹೋದ ವಾರ ಬರೆದಿದ್ದೆ. ಎರಡು ಥರದ ಪ್ರಶ್ನೆ ಬಂತು. ಮಕ್ಕಳು ಕೇಳಿದ್ದು: "ಅಣ್ಣಾ, ಸ್ಪಾರಿಂಗ್‌ನಲ್ಲಿ ಯಾವ ಕಾಲು ಮುಂದಿಡಬೇಕು? ಒಬ್ಬೊಬ್ಬ ಮಾಸ್ಟರ್ ಒಂದೊಂದು ಹೇಳ್ತಾರೆ." ಹಿರಿಯ ಸಂಗಾತಿಗಳು ಕೇಳಿದ್ದು: "ಬಾಬಾಸಾಹೇಬರು ಕೈಗೆ ಪೆನ್ನು ಕೊಟ್ಟರು, ನೀವು ಮುಷ್ಟಿ ಕಟ್ಟೋದು ಕಲಿಸ್ತೀರಾ?" ಎರಡಕ್ಕೂ ಉತ್ತರ ನಮ್ಮ ಚರಿತ್ರೆಯಲ್ಲೇ ಇದೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಿಲುವು ಅನ್ನೋ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥ. ಮೈ ಹೇಗೆ ನಿಂತಿದೆ ಅನ್ನೋದೂ ನಿಲುವೇ, ಮನಸ್ಸು ಎಲ್ಲಿ ನಿಂತಿದೆ ಅನ್ನೋದೂ ನಿಲುವೇ. ಜಾತಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮೊದಲು ಮೈಗೆ ಪಾಠ ಮಾಡಿತು. ಹೆಗಲ ಟವೆಲು ಕಂಕುಳಿಗೆ ಬರಬೇಕು, ಚಪ್ಪಲಿ ಕೈಗೆ ಬರಬೇಕು, ಬೆನ್ನು ಬಗ್ಗಬೇಕು, ಕಣ್ಣು ನೆಲ ನೋಡಬೇಕು. ನಮ್ಮ ತಾತ ಮುತ್ತಾತಂದಿರಿಗೆ ಊರು ಕಲಿಸಿದ ವರಸೆ ಇದೊಂದೇ.

ಕಾದಾಡೋ ವರಸೆಗಳ ಚರಿತ್ರೆ ಕರ್ನಾಟಕದಲ್ಲಿ ಬೇಕಾದಷ್ಟಿದೆ. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಬಗ್ಗೆ, ಅವರ ಸಾಮು, ಅವರ ಊಟದ ಬಗ್ಗೆ ವಿವರವಾಗಿ ಬರೆಸಿದ್ದಾನೆ. ಮೈಸೂರು ದಸರಾದಲ್ಲಿ ಜಟ್ಟಿಗಳು ತಲೆ ಬೋಳಿಸಿಕೊಂಡು ವಜ್ರಮುಷ್ಟಿ ಕಾಳಗಕ್ಕೆ ಇಳೀತಾರೆ, ಮೊದಲ ಹನಿ ರಕ್ತ ಕಂಡ ಕೂಡಲೇ ಕಾಳಗ ನಿಲ್ಲುತ್ತೆ. ಇವೆಲ್ಲ ಅರಮನೆಯ ನೆರಳಲ್ಲಿ ಬೆಳೆದವು, ಹಾಗಾಗಿ ದಾಖಲಾದವು. ನಮ್ಮವರ ವರಸೆ ಬರೆದಿಟ್ಟವರಿಲ್ಲ. ಜನರ ಬಾಯಲ್ಲಿ ಒಂದು ಮಾತ್ರ ಗಟ್ಟಿಯಾಗಿ ಉಳೀತು. ಅದು ಚಿತ್ರದುರ್ಗದ ಒನಕೆ ಓಬವ್ವನ ವರಸೆ.

ಕಥೆ ಎಲ್ಲರಿಗೂ ಗೊತ್ತು. ಕೋಟೆ ಕಾವಲುಗಾರ ಕಹಳೆ ಮುದ್ದಹನುಮನ ಹೆಂಡತಿ, ಛಲವಾದಿ ಹೆಣ್ಣುಮಗಳು. ಗಂಡ ಊಟಕ್ಕೆ ಕೂತಾಗ ನೀರಿಗೆ ಹೋದವಳಿಗೆ ಕಿಂಡಿಯೊಳಗಿಂದ ಹೈದರಾಲಿ ಸೈನಿಕರು ತೂರಿ ಬರೋ ಸದ್ದು ಕೇಳಿಸ್ತು. ಗಂಡನನ್ನ ಎಬ್ಬಿಸಲಿಲ್ಲ. ಒನಕೆ ತಗೊಂಡು ಹೋದಳು. ದುರ್ಗ ಕೊನೆಗೆ 1779ರಲ್ಲಿ ಹೈದರನ ಕೈಸೇರಿತು, ಓಬವ್ವನ ಹೆಸರು ಮಾತ್ರ ಉಳೀತು. (ಇದನ್ನ ಹಿಂದೂ-ಮುಸ್ಲಿಂ ಜಗಳ ಮಾಡೋಕೆ ಬರೋರಿಗೆ ಒಂದು ಮಾತು: ಮದಕರಿ ನಾಯಕ, ಹೈದರ್ ಇಬ್ಬರೂ ರಾಜ್ಯಕ್ಕಾಗಿ ಕಾದಾಡಿದವರು. ಅವ್ವ ತನ್ನ ಮನೆ ಬಾಗಿಲು ಕಾದವಳು.)

1972ರ 'ನಾಗರಹಾವು' ಸಿನಿಮಾ ಈ ಕಥೆನ ಮನೆಮನೆಗೆ ಮುಟ್ಟಿಸ್ತು. ಭಾಷಣಗಳಲ್ಲಿ ಪತಿಭಕ್ತಿ, ಸ್ವಾಮಿನಿಷ್ಠೆ ಅಂತೆಲ್ಲ ಹೇಳ್ತಾರೆ. ಅವಳು ಎಲ್ಲಿ ನಿಂತಿದ್ದಳು ಅಂತ ಮಾತ್ರ ಯಾರೂ ಕೇಳಲ್ಲ. ಚಿತ್ರದುರ್ಗಕ್ಕೆ ಹೋದಾಗ ಆ ಕಿಂಡಿ ಮುಂದೆ ನಿಂತು ನೋಡಿ. ಬಗ್ಗಿಕೊಂಡು ತಲೆ ಮುಂದೆ ಮಾಡಿಯೇ ಬರಬೇಕು, ಒಂದು ಸಲಕ್ಕೆ ಒಬ್ಬ. ಓಬವ್ವ ಕಿಂಡಿಯ ಎದುರಿಗೆ ಎದೆಯೊಡ್ಡಿ ನಿಲ್ಲಲಿಲ್ಲ, ಪಕ್ಕದಲ್ಲಿ ಮರೆಯಾಗಿ ನಿಂತಳು. ತಲೆ ಹೊರಗೆ ಬಂದಾಗ ಹೊಡೆದಳು, ಹೆಣ ಪಕ್ಕಕ್ಕೆ ಎಳೆದಳು, ಹಿಂದಿನವನಿಗೆ ಗೊತ್ತಾಗಲಿಲ್ಲ. ಅಷ್ಟು ಜನ ಇದ್ದರೂ ಅವಳ ಮುಂದೆ ಯಾವಾಗಲೂ ಇದ್ದದ್ದು ಒಬ್ಬನೇ.

ಇನ್ನು ಒನಕೆ. ಭತ್ತ, ರಾಗಿ ಕುಟ್ಟೋ ಹೆಂಗಸರನ್ನ ನೋಡಿದವರು ನೆನಪು ಮಾಡ್ಕೊಳ್ಳಿ. ಕಾಲು ಅಗಲ, ಒಂದು ಪಾದ ಅರ್ಧ ಹೆಜ್ಜೆ ಮುಂದೆ, ಮೊಣಕಾಲು ಸಡಿಲ. ಎತ್ತೋದು ಕೈ, ಇಳಿಸೋದು ಸೊಂಟ. ಕೈ ಸೋತರೆ ಕೈ ಬದಲಾಯಿಸ್ತಾರೆ, ಲಯ ತಪ್ಪಲ್ಲ. ಇವತ್ತು ಜಯನಗರ, ಜೆ.ಪಿ. ನಗರದ ಕ್ಲಾಸುಗಳಲ್ಲಿ ಫೀಸು ತಗೊಂಡು ಕಲಿಸೋ ಮೊದಲ ಪಾಠ ಇದೇ ಕಣ್ರಿ: ಬುಡ ಭದ್ರ ಇರಲಿ, ಏಟಿನ ಬಲ ಸೊಂಟದಿಂದ ಬರಲಿ. ಓಬವ್ವನಿಗೆ ಯಾವ ಗರಡಿಯೂ ಕಲಿಸಿರಲಿಲ್ಲ, ದುಡಿಮೆ ಕಲಿಸಿತ್ತು. ಗುದ್ದಲಿ ಹಿಡಿಯೋರು, ಕಲ್ಲು ಹೊರೋರು, ತಮಟೆ ಬಡಿದು ಕುಣಿಯೋರು, ಇವರ ಕಾಲಲ್ಲೆಲ್ಲ ಈ ವಿದ್ಯೆ ಇದೆ. ಊರು ಬಗ್ಗಿಸಿದ ಅದೇ ಬೆನ್ನಲ್ಲಿ ದುಡಿಮೆ ಈ ಬಲ ತುಂಬಿತ್ತು.

ಹಿರಿಯರ ಪ್ರಶ್ನೆಗೆ ಬರ್ತೀನಿ. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲ್ ಸೇನೆಯಲ್ಲಿ ಸುಬೇದಾರರಾಗಿದ್ದವರು. 1890ರ ದಶಕದ ಹೊತ್ತಿಗೆ ಬ್ರಿಟಿಷರು 'ಯುದ್ಧವೀರ ಜನಾಂಗ' ಅನ್ನೋ ಸಿದ್ಧಾಂತ ಹಿಡಿದು ಮಹಾರರಿಗೆ ಸೇನೆಯ ಬಾಗಿಲು ಮುಚ್ಚಿದರು. 1818ರಲ್ಲಿ ಕೋರೆಗಾಂವ್‌ನಲ್ಲಿ ತಮಗಾಗಿ ಸತ್ತವರ ಮೊಮ್ಮಕ್ಕಳಿಗೆ 'ನೀವು ಹುಟ್ಟಿನಿಂದಲೇ ಯೋಧರಲ್ಲ' ಅಂದರು. ಮೊದಲ ಮಹಾಯುದ್ಧಕ್ಕೆ ಕರೆದು, ಮುಗಿದ ಮೇಲೆ ಮತ್ತೆ ಕೈಬಿಟ್ಟರು. ಬಾಬಾಸಾಹೇಬರು ಪಟ್ಟು ಬಿಡಲಿಲ್ಲ. 1941ರಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. ಅದಕ್ಕೂ ಮೊದಲು, 1927ರ ಮಹಾಡ್‌ನಲ್ಲಿ ಕೆರೆ ನೀರು ಮುಟ್ಟಿದ್ದಕ್ಕೆ ಲಾಠಿ ಏಟು ಬಿದ್ದಾಗ, ತಿರುಗಿ ಹೊಡೆಯಬೇಡಿ ಅಂತ ತಡೆದವರೂ ಅವರೇ. ಸಮತಾ ಸೈನಿಕ ದಳ ಕಟ್ಟಿದವರೂ ಅವರೇ. ಇದರಲ್ಲಿ ವಿರೋಧ ಏನಿಲ್ಲ. ನಿಲ್ಲೋಕೆ ಗೊತ್ತಿರೋನಿಗೆ ಮಾತ್ರ ತಡೆದುಕೊಳ್ಳೋಕೂ ಗೊತ್ತಿರುತ್ತೆ.

ಈಗ ಮಕ್ಕಳಿಗೆ. ಬಲಗೈ ಬಳಸೋರು ಬಾಕ್ಸಿಂಗ್‌ನಲ್ಲಿ ಎಡಗಾಲು ಮುಂದಿಡ್ತಾರೆ. ಎಡಗೈ ಅಳತೆ ನೋಡೋಕೆ, ತಡೆಯೋಕೆ. ಬಲಗೈ ಹಿಂದಿದ್ದರೆ ಸೊಂಟ ತಿರುಗಿಸಿ ಹೊಡೆಯೋಕೆ ದೂರ ಸಿಗುತ್ತೆ. ಎಡಚರು ಇದನ್ನ ತಿರುವು ಮಾಡ್ತಾರೆ. ಮೇರಿ ಕೋಮ್ ಬಲಗಾಲು ಮುಂದಿಟ್ಟೇ ಆಡಿದವರು. ಕುಸ್ತಿಯಲ್ಲಿ ಕಾಲಿಗೆ ಕೈ ಹಾಕ್ತಾರೆ, ಅದಕ್ಕೆ ಇನ್ನೂ ತಗ್ಗಿ, ಎದುರಾಳಿಗೆ ನೇರವಾಗಿ ನಿಲ್ಲಬೇಕು. ಕರಾಟೆಯಲ್ಲಿ ಪಕ್ಕಕ್ಕೆ ತಿರುಗಿ ನಿಂತರೆ ಏಟು ಬೀಳೋ ಜಾಗ ಕಮ್ಮಿ, ಆದರೆ ಪಕ್ಕದಿಂದ ತಳ್ಳಿದರೆ ಬೇಗ ಬೀಳ್ತೀರಿ. ಮಾಸ್ಟರುಗಳು ಬೇರೆ ಬೇರೆ ಹೇಳೋದು ಇದಕ್ಕೇ. ಎದುರಿಂದ ಏನು ಬರುತ್ತೆ ಅನ್ನೋದರ ಮೇಲೆ ನಿಲುವು.

ಬೀದಿಯಲ್ಲಿ ಬರೋದು ಬೇರೆ. ಕಾಲರ್ ಹಿಡೀತಾರೆ, ತಳ್ತಾರೆ, ಒಬ್ಬರ ಜೊತೆ ನಾಲ್ಕು ಜನ ಇರ್ತಾರೆ. ಅಲ್ಲಿಗೆ ಇದು ಸಾಕು: ಪಾದ ಭುಜದಷ್ಟು ಅಗಲ, ಒಂದು ಪಾದ ಅರ್ಧ ಹೆಜ್ಜೆ ಹಿಂದೆ, ಮೊಣಕಾಲು ಸಡಿಲ, ಗದ್ದ ಒಳಗೆ, ಎರಡೂ ಅಂಗೈ ಬಿಚ್ಚಿ ಎದೆ ಎತ್ತರಕ್ಕೆ. ನೋಡೋರಿಗೆ "ಬೇಡ ಅಣ್ಣ" ಅಂದ ಹಾಗೆ, ನಿಮಗೆ ಕಾಪು. ಹೆಜ್ಜೆ ಇಡುವಾಗ ಕಾಲು ಅಡ್ಡ ಹಾಕಬೇಡಿ. ಅವರೆಲ್ಲ ಒಬ್ಬರ ಹಿಂದೆ ಒಬ್ಬರು ಬರೋ ಹಾಗೆ ಪಕ್ಕಕ್ಕೆ ಸರೀರಿ, ಓಬವ್ವನ ಕಿಂಡಿ ನೆನಪಿರಲಿ. ದಾರಿ ಸಿಕ್ಕ ಕೂಡಲೇ ಓಡಿ. ಓಡಿದ್ದಕ್ಕೆ ಮರ್ಯಾದೆ ಹೋಗಲ್ಲ.

ಬಿಚ್ಚಿದ ಅಂಗೈಗೆ ಇನ್ನೊಂದು ಕಾರಣ ಇದೆ. ನಮ್ಮವರು ಏಟು ತಿಂದು ಠಾಣೆಗೆ ಹೋಗೋದರೊಳಗೆ ಕೌಂಟರ್ ಕೇಸ್ ತಯಾರಾಗಿರುತ್ತೆ. ಆತ್ಮರಕ್ಷಣೆ ಕಾನೂನಿನ ಹಕ್ಕು, ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್ ಓದಿಕೊಳ್ಳಿ. ಆದರೆ ರಕ್ಷಣೆಗೆ ಬೇಕಾದಷ್ಟೇ ಬಲ, ಅದಕ್ಕಿಂತ ಹೆಚ್ಚಿಲ್ಲ. ಸಿಸಿಟಿವಿಯಲ್ಲಿ ಬಿಚ್ಚಿದ ಕೈ ಕಂಡರೆ 1989ರ ದೌರ್ಜನ್ಯ ತಡೆ ಕಾಯ್ದೆಯ ನಿಮ್ಮ ದೂರಿಗೆ ಬಲ. ಕಟ್ಟಿದ ಮುಷ್ಟಿ ಕಂಡರೆ ಅವರ ವಕೀಲರಿಗೆ ಹಬ್ಬ. ಪೆನ್ನು ಬೇಕಾಗೋದು ಇಲ್ಲೇ, ಹಿರಿಯರೇ.

ಕೊನೆಗೆ ಒಂದು ಕೆಲಸ. ಹಾಸ್ಟೆಲ್, ವಸತಿ ಶಾಲೆಗಳ ಹೆಣ್ಣುಮಕ್ಕಳಿಗೆ ಸರ್ಕಾರ ಓಬವ್ವನ ಹೆಸರಲ್ಲೇ ಆತ್ಮರಕ್ಷಣಾ ತರಬೇತಿ ಘೋಷಿಸಿದೆ. ನಿಮ್ಮ ತಂಗಿ, ಮಗಳು ಇರೋ ಹಾಸ್ಟೆಲಲ್ಲಿ ಅದು ನಡೀತಿದೆಯಾ, ವಾರಕ್ಕೆ ಎಷ್ಟು ದಿನ, ಯಾರು ಕಲಿಸ್ತಾರೆ? ಕೇಳಿ ಕೆಳಗೆ ಬರೀರಿ. ನಡೀತಿಲ್ಲ ಅಂದರೆ ಮಾಹಿತಿ ಹಕ್ಕಿನ ಅರ್ಜಿ ಬರೆಯೋದು ನನಗೆ ಬಿಡಿ. ಕಡತದ ಕೆಲಸ ಮಾಡೋನು ನಾನು, ಅದು ಎಲ್ಲಿ ಕೂತಿದೆ ಅಂತ ಹುಡುಕೋಕೆ ಬರುತ್ತೆ.

ಜೈ ಭೀಮ್. ಜೈ ಓಬವ್ವ.