ಕರ್ನಾಟಕದಲ್ಲಿ ಆರೋಗ್ಯಾಡಳಿತದ ಉನ್ನತ ಶಿಕ್ಷಣ: ನಗರದ ಪದವಿ, ಹೋಬಳಿಯ ಹೊಣೆ

ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ಬಿಳಿಚೋಡು ಒಂದು ಹೋಬಳಿ ಕೇಂದ್ರ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಈ ತಾಲ್ಲೂಕು ಚಿತ್ರದುರ್ಗಕ್ಕೆ ಸೇರಿತ್ತು. ಪ್ರಾದೇಶಿಕ ಅಸಮತೋಲನವನ್ನು ಕುರಿತ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಹಿಂದುಳಿದವೆಂದು ಗುರುತಿಸಿದ 114 ತಾಲ್ಲೂಕುಗಳಲ್ಲಿ ಜಗಳೂರೂ ಒಂದು. ಬಯಲುಸೀಮೆಯ ಇಂಥ ಹೋಬಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ರೋಗಿಗಳನ್ನು ನೋಡಿದರಷ್ಟೇ ಸಾಲದು. ಔಷಧ ದಾಸ್ತಾನಿನ ಲೆಕ್ಕ, ಲಸಿಕೆಯ ಶೈತ್ಯ ವ್ಯವಸ್ಥೆ, ಉಪಕೇಂದ್ರಗಳ ಮೇಲ್ವಿಚಾರಣೆ, ಆರೋಗ್ಯ ರಕ್ಷಾ ಸಮಿತಿಯ ಸಭೆ, ಖರ್ಚುವೆಚ್ಚದ ವರದಿ ಇವೆಲ್ಲವೂ ಆತನ ಹೊಣೆಯೇ. ಸುಮಾರು 30,000 ಜನರಿಗೆ ಒಂದು ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ ಎಂಬುದು ಬಯಲು ಪ್ರದೇಶಕ್ಕೆ ನಿಗದಿಯಾದ ಮಾನದಂಡ. ಇಷ್ಟು ಜನರ ಆರೋಗ್ಯವನ್ನು ನಿರ್ವಹಿಸುವ ವಿದ್ಯೆ ವೈದ್ಯಪದವಿಯ ಪಠ್ಯದಲ್ಲಿ ಪಡೆದಿರುವ ಸ್ಥಾನ ತೀರ ಕಿರಿದು. ಈ ವಿದ್ಯೆಯನ್ನು ನಾಡಿನಲ್ಲಿ ಯಾರಿಗಾಗಿ, ಎಲ್ಲಿ ಬೆಳೆಸಲಾಯಿತು ಎಂಬ ಪ್ರಶ್ನೆ ಆದ್ದರಿಂದ ಮುಖ್ಯವಾಗುತ್ತದೆ.

ಮೈಸೂರು ಸಂಸ್ಥಾನದ ಅನುಭವ ಇಲ್ಲಿ ಗಮನಾರ್ಹ. 1920ರ ದಶಕದ ಕೊನೆಯಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದೊಡನೆ ಸಂಸ್ಥಾನವು ಸಾರ್ವಜನಿಕ ಆರೋಗ್ಯದ ಕಾರ್ಯವನ್ನು ಚಿಕಿತ್ಸೆಯಿಂದ ಬೇರೆಯಾದ ವೃತ್ತಿಯೆಂದು ಪರಿಗಣಿಸತೊಡಗಿತು. ಮಂಡ್ಯದಲ್ಲಿ, ಅನಂತರ ಕ್ಲೋಸ್‌ಪೇಟೆ ಎಂದು ಕರೆಯಲಾಗುತ್ತಿದ್ದ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕಗಳು ತಲೆಯೆತ್ತಿದವು. ನಿರ್ದಿಷ್ಟ ಗ್ರಾಮಸಮೂಹವೊಂದರ ಜನನ ಮರಣ, ನೈರ್ಮಲ್ಯ, ತಾಯಿ ಮಕ್ಕಳ ಆರೈಕೆಗಳನ್ನು ಒಂದೇ ತಂಡದ ಕೈಗೆ ಒಪ್ಪಿಸುವುದು ಈ ಘಟಕಗಳ ಕಲ್ಪನೆ. ಕಲಿಯುವ ಸ್ಥಳವೂ ಕೆಲಸದ ಸ್ಥಳವೂ ಇಲ್ಲಿ ಒಂದೇ ಆಗಿದ್ದುವು. 1932ರಲ್ಲಿ ಕಲ್ಕತ್ತೆಯಲ್ಲಿ ಅಖಿಲ ಭಾರತ ಆರೋಗ್ಯಶಾಸ್ತ್ರ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಆರಂಭವಾದ ಮೇಲೆ ಈ ಕ್ಷೇತ್ರದ ಸ್ನಾತಕೋತ್ತರ ವ್ಯಾಸಂಗಕ್ಕೆ ವಿದೇಶಕ್ಕೇ ಹೋಗಬೇಕಾದ ಅನಿವಾರ್ಯತೆ ತಪ್ಪಿತು. ಅದೇ ಕಾಲಕ್ಕೆ, 1934ರಲ್ಲಿ, ಶಿಕಾಗೊ ವಿಶ್ವವಿದ್ಯಾಲಯ ಆಸ್ಪತ್ರೆ ಆಡಳಿತಕ್ಕೆಂದೇ ಸ್ನಾತಕೋತ್ತರ ಶಿಕ್ಷಣವನ್ನು ಪ್ರಾರಂಭಿಸಿತು. ಹೀಗೆ ಜನಸಮುದಾಯವನ್ನು ಕೇಂದ್ರದಲ್ಲಿಟ್ಟ ಶಿಕ್ಷಣವೊಂದು, ಆಸ್ಪತ್ರೆಯ ಕಟ್ಟಡವನ್ನು ಕೇಂದ್ರದಲ್ಲಿಟ್ಟ ಶಿಕ್ಷಣ ಮತ್ತೊಂದು. ಮುಂದಿನ ದಶಕಗಳಲ್ಲಿ ಇವೆರಡೂ ಪರಸ್ಪರ ದೂರವಾಗುತ್ತ ಹೋದವು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿಯು ಮೊದಲನೆಯ ದಾರಿಗೇ ಒತ್ತು ನೀಡಿತು; ವೈದ್ಯವಿದ್ಯಾರ್ಥಿಗಳಿಗೆ ಮೂರು ತಿಂಗಳು ಸಾಮಾಜಿಕ ಮತ್ತು ನಿವಾರಕ ವೈದ್ಯದ ತರಬೇತಿ ಇರಬೇಕೆಂದು ಸೂಚಿಸಿತು. 1964ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಆರೋಗ್ಯ ಆಡಳಿತ ಮತ್ತು ಶಿಕ್ಷಣ ಸಂಸ್ಥೆ ಸ್ಥಾಪಿತವಾಗಿ, 1977ರಲ್ಲಿ ಕುಟುಂಬ ಯೋಜನಾ ಸಂಸ್ಥೆಯೊಡನೆ ವಿಲೀನಗೊಂಡು, ರಾಷ್ಟ್ರೀಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆಯಾಯಿತು. ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದದ್ದೂ ಅದೇ ಅರವತ್ತರ ದಶಕದಲ್ಲಿ.

ನೆರೆಯ ತಮಿಳುನಾಡು ಹಿಡಿದ ಹಾದಿ ಬೇರೆ. 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯಿದೆಯ ಬಲದೊಡನೆ ಅದು ಪ್ರತ್ಯೇಕ ನಿರ್ದೇಶನಾಲಯವನ್ನೂ ಪ್ರತ್ಯೇಕ ವೃಂದವನ್ನೂ ಉಳಿಸಿಕೊಂಡಿತು. ಅಲ್ಲಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದವನಿಗೆ ಬಡ್ತಿಯ ಮೆಟ್ಟಿಲು ಇತ್ತು. ಕರ್ನಾಟಕದಲ್ಲಿ ಎರಡೂ ಶಾಖೆಗಳು ಒಂದೇ ನಿರ್ದೇಶನಾಲಯದ ಅಡಿಗೆ ಬಂದುವು. ವಿದ್ಯೆಗೆ ಹುದ್ದೆಯ ಬೆಂಬಲ ಇಲ್ಲವಾದರೆ ಅದನ್ನು ಬಯಸಿ ಬರುವವರು ವಿರಳವಾಗುವುದು ಸಹಜವೇ ಸರಿ.

1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಕಾರ್ಯಾರಂಭ ಮಾಡಿತು. ಅದರ ವ್ಯಾಪ್ತಿಯಲ್ಲಿ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿಯೂ ನೆಲೆಗೊಂಡಿತು. 2004ರಲ್ಲಿ ಜೈಪುರದ ಆರೋಗ್ಯ ನಿರ್ವಹಣಾ ಸಂಶೋಧನ ಸಂಸ್ಥೆಯ ಶಾಖೆ ಬೆಂಗಳೂರಿಗೆ ಬಂದಿತು. ಖಾಸಗಿ ಆಸ್ಪತ್ರೆಗಳು ವಿಸ್ತರಿಸುತ್ತಿದ್ದ ಕಾಲವದು. ಹಾಸಿಗೆಗಳ ಬಳಕೆ, ಬಿಲ್ಲು, ವಿಮೆ, ಗುಣಮಟ್ಟದ ಮಾನ್ಯತೆ ಬಲ್ಲ ವ್ಯವಸ್ಥಾಪಕರು ಅವುಗಳಿಗೆ ಬೇಕಾಗಿದ್ದರು. ಈ ಬೇಡಿಕೆ ಅನುಚಿತವೇನಲ್ಲ. ಆದರೆ ಶುಲ್ಕ ತೆತ್ತು ಪದವಿ ಪಡೆದವರ ಉದ್ಯೋಗ ನಗರದಲ್ಲೇ ಇದ್ದುದರಿಂದ ಜಗಳೂರಿನಂಥ ತಾಲ್ಲೂಕುಗಳಿಗೆ ಅದರ ಫಲ ತಲುಪುವ ಮಾರ್ಗವೇ ಇರಲಿಲ್ಲ. ಹಳ್ಳಿಯ ಸೇವೆಯಲ್ಲಿದ್ದ ವೈದ್ಯನಿಗೆ ಉಳಿದದ್ದು ಮಾಗಡಿ ರಸ್ತೆಯ ರಾಜ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆಯ ಅಲ್ಪಾವಧಿ ತರಬೇತಿ, ಇಲ್ಲವೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಂಥವು ನಡೆಸುವ ದೂರಶಿಕ್ಷಣ.

ಈ ಕಂದಕವನ್ನು ಸರ್ಕಾರದ ಮುಂದಿಟ್ಟದ್ದು ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ಕಾರ್ಯಪಡೆ. 1999ರ ಡಿಸೆಂಬರಿನಲ್ಲಿ ರಚಿತವಾದ ಅದು 2001ರ ಏಪ್ರಿಲ್‌ನಲ್ಲಿ ಅಂತಿಮ ವರದಿ ಸಲ್ಲಿಸಿತು. ಭ್ರಷ್ಟಾಚಾರ, ಸಾರ್ವಜನಿಕ ಆರೋಗ್ಯದ ಅವಗಣನೆ, ಮಾನವ ಸಂಪನ್ಮೂಲದ ನಿರ್ಲಕ್ಷ್ಯ ಇವನ್ನು ಮುಚ್ಚುಮರೆಯಿಲ್ಲದೆ ಹೆಸರಿಸಿದ ಸರ್ಕಾರಿ ದಾಖಲೆ ಎಂಬುದು ಅದರ ಹೆಗ್ಗಳಿಕೆ. ಅಧ್ಯಕ್ಷರು ಕಟ್ಟಿದ ಕರುಣಾ ಟ್ರಸ್ಟ್ 1996ರಿಂದಲೇ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದ ಒಪ್ಪಂದದ ಮೇರೆಗೆ ನಡೆಸುತ್ತಿತ್ತಾದ್ದರಿಂದ ಹೋಬಳಿ ಮಟ್ಟದ ಆಡಳಿತ ಅವರಿಗೆ ಪುಸ್ತಕದ ವಿಷಯವಾಗಿರಲಿಲ್ಲ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಕೇಂದ್ರಗಳ ಕೈಗೆ ಹಣವೂ ಯೋಜನೆ ರೂಪಿಸುವ ಕರ್ತವ್ಯವೂ ಒಟ್ಟಿಗೇ ಬಂದವು. ಗುತ್ತಿಗೆ ಆಧಾರದ ಕಾರ್ಯಕ್ರಮ ವ್ಯವಸ್ಥಾಪಕರು ನೇಮಕಗೊಂಡರು. ಈ ಸಂದರ್ಭದಲ್ಲಿ ನಡೆದ ತುಮಕೂರು ಪ್ರಯೋಗ ವಿಶೇಷ ಅಧ್ಯಯನಕ್ಕೆ ಅರ್ಹವಾದುದು. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಇತರ ಸಂಸ್ಥೆಗಳೊಡನೆ ಸೇರಿ 'ಸ್ವಾಸ್ಥ್ಯ ಕರ್ನಾಟಕ' ಎಂಬ ಹೆಸರಿನಲ್ಲಿ 2009ರಲ್ಲಿ ಆ ಜಿಲ್ಲೆಯ ಮತ್ತು ತಾಲ್ಲೂಕುಗಳ ಆರೋಗ್ಯಾಧಿಕಾರಿಗಳಿಗೆ ತರಬೇತಿ ಆರಂಭಿಸಿತು. ತರಗತಿಯ ಜೊತೆಗೆ ಅವರವರ ಕಚೇರಿಗಳಿಗೇ ಹೋಗಿ ಮಾರ್ಗದರ್ಶನ ನೀಡುವುದು ಅದರ ಕ್ರಮ. ಮಂಡ್ಯ, ರಾಮನಗರ ಘಟಕಗಳ ಹಳೆಯ ತತ್ತ್ವವೇ ಇಲ್ಲಿ ಹೊಸ ರೂಪದಲ್ಲಿ ಮರಳಿತೆನ್ನಬಹುದು. ಅದರ ಫಲವನ್ನು ಪರಿಶೀಲಿಸಿದ ಎನ್. ಎಸ್. ಪ್ರಶಾಂತ್ ಮತ್ತು ಸಂಗಡಿಗರ 2014ರ ಅಧ್ಯಯನದಂತೆ, ಒಂದೇ ತರಬೇತಿ ಎಲ್ಲ ತಾಲ್ಲೂಕುಗಳಲ್ಲೂ ಒಂದೇ ಬಗೆಯ ಬದಲಾವಣೆಯನ್ನು ತರಲಿಲ್ಲ. ಅಧಿಕಾರಿಯ ಆಸಕ್ತಿಗೆ ಇಲಾಖೆಯ ಬೆಂಬಲವೂ ಸನ್ನಿವೇಶದ ಅನುಕೂಲವೂ ಕೂಡಿಬಂದೆಡೆ ಯೋಜನೆ ಸುಧಾರಿಸಿತು. ಉಳಿದೆಡೆ ಕಲಿತದ್ದು ಕಡತದ ಹೊರಗೇ ಉಳಿಯಿತು.

2022ರ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ತಜ್ಞ, ಬೋಧಕ, ಸಾರ್ವಜನಿಕ ಆರೋಗ್ಯ, ಆರೋಗ್ಯ ನಿರ್ವಹಣೆ ಎಂಬ ನಾಲ್ಕು ವೃಂದಗಳನ್ನು ಸೂಚಿಸಿತು. ವ್ಯಾಸಂಗವನ್ನು ಹುದ್ದೆಯೊಡನೆ ಬೆಸೆಯುವ ಈ ಏರ್ಪಾಡು ಮದ್ರಾಸಿನ ಹಳೆಯ ಕ್ರಮಕ್ಕೆ ಸಮೀಪವಾದುದು. ಆರೋಗ್ಯವು ಸಂವಿಧಾನದ ರಾಜ್ಯಪಟ್ಟಿಗೆ ಸೇರಿದ ವಿಷಯವಾದುದರಿಂದ, ಬಿಳಿಚೋಡು ಹೋಬಳಿಯ ಮಟ್ಟಕ್ಕೆ ಅದನ್ನು ಇಳಿಸುವ ನೇಮಕಾತಿ ನಿಯಮಗಳನ್ನು ರೂಪಿಸುವ ಅಧಿಕಾರ ಬೆಂಗಳೂರಿನದು.